ಸೋಲದೇವನಹಳ್ಳಿ ಇಳಿಜಾರು: ಡ್ರಮ್ಮಿನ ನೀರು

"ಇಟ್ಟಿಗೆಗಳನ್ನ ಹಿಂದಕ್ಕೆ ಸರಿಸಿ, ಸೊಣ್ಣಪ್ಪನವ್ರೇ," ಎಂದಳು ನೂರ್‌ಜಹಾನ್.

ಸೊಣ್ಣಪ್ಪ ಸರಿಸಲಿಲ್ಲ. ಹೆಗಲ ಮೇಲಿದ್ದ ಟವೆಲ್ಲಿನಿಂದ ಕೈ ಒರೆಸಿಕೊಂಡು ನಿಂತ.

ಚಿಕ್ಕಬಾಣಾವರ ದಾಟಿದ ಮೇಲೆ ಹೆಸರಘಟ್ಟ ರಸ್ತೆಗೆ ಅಂಟಿಕೊಂಡೇ ಇತ್ತು ಅವನ ವೆಲ್ಡಿಂಗ್ ಶೆಡ್. ಒಳಗೆ ಸಿಮೆಂಟ್ ನೆಲದ ಮೇಲೆ ಸಿಲಿಂಡರ್ ಸಾಗಿಸುವ ಎರಡು ಚಕ್ರದ ಪುಟ್ಟ ಗಾಡಿ. ಅದರ ಮೂತಿಗೆ ಒಂದು ಉದ್ದನೆಯ ಕಬ್ಬಿಣದ ಸರಳು. ಸರಳಿನ ಇನ್ನೊಂದು ತುದಿ ಹಿಡಿದು ಹೆಡ್ ಕಾನ್‌ಸ್ಟೇಬಲ್ ಅಶ್ವತ್ಥಪ್ಪ ಏದುಸಿರು ಬಿಡುತ್ತಿದ್ದ. ಚಕ್ರಗಳಿಗಿಂತ ಸ್ವಲ್ಪ ಮುಂದಕ್ಕೆ ಎಂಟು ಇಟ್ಟಿಗೆ ಜೋಡಿಸಿಕೊಂಡು ಅವನು ಆಗಷ್ಟೇ ಶೆಡ್ಡಿನ ಉದ್ದಕ್ಕೂ ಓಡಿ ಬಂದಿದ್ದ. ಗಾಡಿ ತಾಯಿಯ ಹಿಂದೆ ಬರುವ ಕರುವಿನ ಹಾಗೆ ತೆಪ್ಪಗೆ ಬಂದಿತ್ತು.

"ಇದೆಲ್ಲ ಯಾಕ್ ಮೇಡಂ? ಹುಡುಗ ಸ್ಪೀಡಾಗ್ ಹೋದ, ಕಂಟ್ರೋಲ್ ತಪ್ತು. ಟ್ರೇಲರ್ ಕಟ್ಕೊಂಡು ಇಳಿಜಾರಲ್ಲಿ ಹಂಗೆ ಓಡಿಸ್ಬಾರ್ದು ಅಂತ ನಾನೇ ಎಷ್ಟೋ ಸಲ ಹೇಳಿದ್ದೆ."

"ಸರಿಸಿ."

ಸೊಣ್ಣಪ್ಪ ಒಂದೊಂದಾಗಿ ಇಟ್ಟಿಗೆಗಳನ್ನು ಎತ್ತಿ ಗಾಡಿಯ ಹಿಂತುದಿಗೆ ಇಟ್ಟ. ಎಂಟನೆಯದನ್ನು ಇಡುವ ಮೊದಲೇ ಅಶ್ವತ್ಥಪ್ಪನ ಕೈಯಲ್ಲಿದ್ದ ಸರಳು ತಾನಾಗಿ ಮೇಲಕ್ಕೆ ಎದ್ದಿತು.

"ಓಡಿ," ಎಂದಳು ನೂರ್‌ಜಹಾನ್.

ಅಶ್ವತ್ಥಪ್ಪ ಹತ್ತು ಹೆಜ್ಜೆ ಓಡಿದ. ಗಾಡಿ ಎಡಕ್ಕೆ ವಾಲಿತು, ಬಲಕ್ಕೆ ಬೀಸಿತು, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಸರಳು ಅವನ ಮಣಿಕಟ್ಟನ್ನು ತಿರುಚಿತು. ಅವನು ಕೈಬಿಟ್ಟ ಕೂಡಲೇ ಗಾಡಿ ಮಗುಚಿ, ಇಟ್ಟಿಗೆಗಳು ಗೋಡೆಯವರೆಗೂ ಚೆಲ್ಲಾಡಿದವು.

ಅಶ್ವತ್ಥಪ್ಪ ಮಣಿಕಟ್ಟು ಉಜ್ಜಿಕೊಂಡ.

ಹದಿನಾಲ್ಕು ದಿನಗಳ ಹಿಂದೆ, ಎರಡು ಸಾವಿರದ ಹದಿನಾಲ್ಕರ ಮಾರ್ಚ್ ಮೊದಲ ಸೋಮವಾರ, ಬೆಳಿಗ್ಗೆ ಎಂಟು ಗಂಟೆಗೆ ಸೊಣ್ಣಪ್ಪನ ಅಕ್ಕನ ಮಗ ಮುನಿಚಂದ್ರ ಸೋಲದೇವನಹಳ್ಳಿಯ ಇಳಿಜಾರಿನಲ್ಲಿ ಹೀಗೆಯೇ ಸತ್ತಿದ್ದ. ಹಳೆಯ ಕ್ವಾಲಿಸ್ ಕಾರು, ಅದರ ಹಿಂದೆ ತಟ್ಟೆ ಇಡ್ಲಿ ಮಾರುವ ಟ್ರೇಲರ್. ವಯಸ್ಸು ಇಪ್ಪತ್ತೆಂಟು.

ಠಾಣೆಯಲ್ಲಿ ಅತಿವೇಗ ಎಂದು ಬರೆದು ಮುಗಿಸಿಬಿಡಬಹುದಾಗಿದ್ದ ಸಾವು ಅದು. ಸಬ್ ಇನ್‌ಸ್ಪೆಕ್ಟರ್ ನೂರ್‌ಜಹಾನ್ ಬರೆದಿರಲಿಲ್ಲ. ಆರ್.ಟಿ. ನಗರದಲ್ಲಿ ಬೆಳೆದ ಅವಳ ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದವರು. ರಸ್ತೆಯ ಮೇಲಿನ ಟೈರಿನ ಗುರುತನ್ನು ಓದುವುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಬಂದಿತ್ತು.

ಆ ಇಳಿಜಾರಿನಲ್ಲಿ ಗುರುತುಗಳು ಹಾವು ಹರಿದಂತೆ ಇದ್ದವು. ಮೊದಲು ಗೇಣಗಲ, ಆಮೇಲೆ ಮೊಳದಗಲ, ಕೊನೆಗೆ ರಸ್ತೆಯ ಅರ್ಧದಷ್ಟು. ಅವೆಲ್ಲ ಟ್ರೇಲರಿನ ಚಕ್ರಗಳದ್ದು. ಕಾರಿನ ಚಕ್ರಗಳು ಎಲ್ಲಿಯೂ ಉಜ್ಜಿರಲಿಲ್ಲ. ಅಂದರೆ ಮುನಿಚಂದ್ರ ಗಾಬರಿಯಿಂದ ಬ್ರೇಕ್ ಒತ್ತಿರಲಿಲ್ಲ. ಹಿಂದಿನ ಗಾಡಿ ಬಾಲ ಬೀಸತೊಡಗಿದಾಗ ಏನು ಮಾಡಬೇಕೋ ಅದನ್ನೇ ಮಾಡಿದ್ದ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೇರವಾಗಿ ಹಿಡಿದು, ಗಾಡಿ ತಾನಾಗಿ ತಣ್ಣಗಾಗಲಿ ಎಂದು ಕಾದಿದ್ದ. ಗೇರ್ ಎರಡನೆಯದರಲ್ಲಿತ್ತು, ಅಂದರೆ ವೇಗವೂ ಹೆಚ್ಚಿರಲಿಲ್ಲ. ಇಳಿಜಾರಿನ ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದ ಜನರನ್ನು ಕಂಡು, ಕೊನೆಯ ಗಳಿಗೆಯಲ್ಲಿ ಎಡಕ್ಕೆ, ಹಳ್ಳದ ಕಡೆಗೆ ತಿರುಗಿಸಿಕೊಂಡಿದ್ದ.

ನೂರೈವತ್ತು ಅಡಿ ಉದ್ದಕ್ಕೂ ಅವನು ಒಂದೂ ತಪ್ಪು ಮಾಡಿರಲಿಲ್ಲ. 

ತಪ್ಪು ಇದ್ದದ್ದು ಟ್ರೇಲರಿನ ಹಿಂತುದಿಯಲ್ಲಿ. ಅಲ್ಲಿ ಪಟ್ಟಿ ಬಿಗಿದು ನಿಲ್ಲಿಸಿದ್ದ, ಪಾತ್ರೆ ತೊಳೆಯುವ ನೀರಿನ ನೀಲಿ ಡ್ರಮ್ಮು. ಇನ್ನೂರು ಲೀಟರಿನದು, ಬಿಗಿ ಮುಚ್ಚಳದ್ದು. ಮುನಿಚಂದ್ರ ಅದನ್ನು ಯಾವತ್ತೂ ಖಾಲಿಯಾಗಿಯೇ ಒಯ್ಯುತ್ತಿದ್ದ. ಸೋಲದೇವನಹಳ್ಳಿಯಲ್ಲಿ ಕಾಲೇಜಿನ ಎದುರು ಗಾಡಿ ನಿಲ್ಲಿಸಿದ ಮೇಲೆ ಪಕ್ಕದ ಮನೆಯ ಬೋರ್‌ವೆಲ್ಲಿನಿಂದ ತುಂಬಿಸಿಕೊಳ್ಳುತ್ತಿದ್ದ. ಆದರೆ ಆ ದಿನ ಹಳ್ಳದಲ್ಲಿ ಬಿದ್ದಿದ್ದ ಡ್ರಮ್ಮಿನಲ್ಲಿ, ಸೋರಿ ಹೋದ ಮೇಲೂ, ಮುಕ್ಕಾಲು ಪಾಲು ನೀರಿತ್ತು.

"ಡ್ರಮ್ಮು ತುಂಬಿದ್ರೆ ಹಿಂಗಾಗುತ್ತೆ ಅಂತ ನಿಮ್ಗೆ ಗೊತ್ತಿತ್ತು, ಅಲ್ವಾ?" ಎಂದಳು ನೂರ್‌ಜಹಾನ್.

"ಟ್ರೇಲರ್ ಕಟ್ಟಿದ್ದೇ ನಾನು ಮೇಡಂ. ಗೊತ್ತಿರಲ್ವಾ?" ಸೊಣ್ಣಪ್ಪ ಬಗ್ಗಿ ಇಟ್ಟಿಗೆ ಆಯತೊಡಗಿದ. "ಭಾರ ಚಕ್ರಕ್ಕಿಂತ ಮುಂದಿರ್ಬೇಕು. ಕೊಕ್ಕೆ ಮೇಲೆ ಸ್ವಲ್ಪ ಒತ್ತಡ ಬೀಳ್ಬೇಕು. ಚಂದ್ರಂಗೆ ಮೊದಲ್ನೇ ದಿನಾನೇ ಹೇಳಿಕೊಟ್ಟಿದ್ದೆ. ಅವನೂ ಸರಿಯಾಗೇ ಇದ್ದ. ನೀರು ತುಂಬ್ಸಿದ್ದು ನಾನೇ ಅಂತ ಅಕ್ಕ ನಿಮ್ಗೆ ಹೇಳಿದ್ಳಂತಲ್ಲ? ಪಾಪ, ಅವಳಿಗೇನ್ ಗೊತ್ತು. ಅದನ್ನೇ ಬರೆದು ಮುಗಿಸ್ಬಿಡಿ. ವಯಸ್ಸಾದೋಳ್ನ ಯಾರೂ ಏನೂ ಮಾಡಲ್ಲ."

"ನೀವು ಕೊನೇ ಸಲ ಚಂದ್ರನ್ನ ನೋಡಿದ್ದು ಯಾವಾಗ?"

"ಸಂಕ್ರಾಂತೀಲಿ. ಆಮೇಲೆ ನೋಡ್ಲೇ ಇಲ್ಲ." ಅವನ ಧ್ವನಿ ಒಡೆಯಿತು. "ನನ್ನ ಮಗಳನ್ನ ಅವನಿಗೇ ಕೊಡ್ಬೇಕು ಅಂತಿದ್ದೆ ಮೇಡಂ. ಅವನು ಬೇರೆಯವಳನ್ನ ಇಷ್ಟಪಟ್ಟ. ಎರಡು ವರ್ಷ ಮಾತು ಬಿಟ್ಟಿದ್ದೆ. ಆಮೇಲೆ ನಾನೇ ಸೋತು ಹೋಗಿ ಗಾಡಿ ಕಟ್ಕೊಟ್ಟೆ. ಹೆಣಕ್ಕೆ ಹೆಗಲು ಕೊಟ್ಟಿದ್ದೂ ನಾನೇ."

ನೂರ್‌ಜಹಾನ್ ಹೆಚ್ಚು ಕೇಳಲಿಲ್ಲ. ಅಳುವ ಮನುಷ್ಯನ ಮುಂದೆ ನಿಲ್ಲುವುದು ಅವಳಿಗೆ ಯಾವಾಗಲೂ ಕಷ್ಟ.

* * *

ಠಾಣೆಗೆ ಬಂದು ಊಟ ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ನೂರ್‌ಜಹಾನ್ ಫೈಲು ಬಿಡಿಸಿ, ಮೊನ್ನೆ ತಾನೊಬ್ಬಳೇ ಬರೆದುಕೊಂಡಿದ್ದ ಹೇಳಿಕೆಯನ್ನು ಅಶ್ವತ್ಥಪ್ಪನ ಮುಂದೆ ತಳ್ಳಿದಳು.

ಮುನಿಚಂದ್ರನ ತಾಯಿ ದ್ರೌಪದಮ್ಮ ತಾವಾಗಿಯೇ ಠಾಣೆಗೆ ಬಂದು ಕೊಟ್ಟಿದ್ದ ಹೇಳಿಕೆ ಅದು. ಮಗನಿಗೆ ಅಲ್ಲಿ ಹೋಗಿ ನೀರು ಹೊರುವ ಶ್ರಮ ತಪ್ಪಲಿ ಎಂದು, ಬೆಳಗಿನ ಜಾವ ಐದು ಗಂಟೆಗೆ ಮನೆಯ ನಲ್ಲಿಯಿಂದ ಪೈಪು ಹಾಕಿ ಡ್ರಮ್ಮು ತುಂಬಿಸಿದೆ. ಅವನಿಗೆ ಹೇಳಲಿಲ್ಲ. ಇಷ್ಟೇ. ಕೆಳಗೆ ಹೆಬ್ಬೆರಳಿನ ಗುರುತು.

"ಇದನ್ನ ಹೆಂಗೆ ಬರೆಯೋದು ಅಶ್ವತ್ಥಪ್ಪ? ಮಗನ ಕಷ್ಟ ನೋಡೋಕಾಗ್ದೆ ನೀರು ತುಂಬ್ಸಿದಾಳೆ. ಅದೇ ಅವನನ್ನ ಕೊಂದಿದೆ."

ಅಶ್ವತ್ಥಪ್ಪ ಕಾಗದವನ್ನು ಎರಡು ಸಲ ಓದಿದ.

"ಮೇಡಂ, ಇದು ಸುಳ್ಳು."

"ಅಂದ್ರೆ?"

"ನಮ್ಮನೇನೂ ಅಬ್ಬಿಗೆರೇನೇ. ಅವ್ರ ಬೀದಿಗೂ ನಮ್ಮ ಬೀದಿಗೂ ಒಂದೇ ಲೈನು. ಶಿವರಾತ್ರಿ ಹಬ್ಬದಿಂದ ನಾಲ್ಕೈದು ದಿನ ಬೋರ್‌ವೆಲ್ ಮೋಟ್ರು ಸುಟ್ಟೋಗಿತ್ತು. ಯಾರ ಮನೆ ನಲ್ಲೀಲೂ ಒಂದು ತೊಟ್ಟು ನೀರಿರ್ಲಿಲ್ಲ. ಎಲ್ರೂ ಟ್ಯಾಂಕರ್ ತರಿಸ್ಕೊಂಡಿದ್ದು. ಆ ಸೋಮವಾರ ನಾನು ಸ್ನಾನ ಮಾಡ್ದೇ ಡ್ಯೂಟಿಗೆ ಬಂದಿದ್ದೆ."

ನೂರ್‌ಜಹಾನ್ ಎದ್ದು ಟೋಪಿ ತೆಗೆದುಕೊಂಡಳು.

ಮಗನನ್ನು ಕಳೆದುಕೊಂಡ ತಾಯಿ, ಆ ಸಾವಿನ ಹೊಣೆಯನ್ನು ಸುಳ್ಳು ಹೇಳಿ ತನ್ನ ತಲೆಗೇ ಕಟ್ಟಿಕೊಳ್ಳುವುದೇಕೆ? ಇದಕ್ಕೆ ನೂರ್‌ಜಹಾನಳಿಗೆ ಒಂದೇ ಉತ್ತರ ಹೊಳೆಯಿತು. ಆ ಉತ್ತರ ಅವಳಿಗೆ ಇಷ್ಟವಾಗಲಿಲ್ಲ.

* * *

ದ್ರೌಪದಮ್ಮ ಜಗಲಿಯ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಪೊಲೀಸ್ ಜೀಪು ನಿಂತದ್ದನ್ನು ನೋಡಿ ಏಳಲು ಹೋದರು. ಮಂಡಿ ಸಹಕರಿಸಲಿಲ್ಲ.

"ಕೂತ್ಕೊಳ್ಳಮ್ಮ. ಯಜಮಾನ್ರಿಲ್ವಾ?"

"ನನ್ನ ತಮ್ಮ ಸೊಣ್ಣಪ್ಪ ಬಂದಿದ್ದ. ಮನೇಲೇ ಕೂತ್ರೆ ಮನ್ಸಿಗೆ ಆಗಾಕಿಲ್ಲ ಅಂತ ಬೈಕಲ್ಲಿ ಕರ್ಕೊಂಡೋದ. ಈಗ ಅರ್ಧ ಗಂಟೆ ಆಯ್ತು."

ಅವರ ಗಂಡ ಮುನಿಕೃಷ್ಣಪ್ಪನೇ ದೂರು ಕೊಟ್ಟವನು. 'ನನ್ನ ಮಗ ಜೋರಾಗಿ ಓಡಿಸೋನಲ್ಲ, ಬರ್ಕೊಳ್ಳಿ' ಎಂದು ಮೂರು ದಿನ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ ಮನುಷ್ಯ.

"ಸೊಸೆ?"

"ಒಳಗೆ ಮಲಗವ್ಳೆ. ಏಳು ತಿಂಗ್ಳು ತುಂಬ್ತು." ದ್ರೌಪದಮ್ಮ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡಿ ತಾಯಿ."

ನೂರ್‌ಜಹಾನ್ ಜಗಲಿಯ ಅಂಚಿನಲ್ಲಿ ಕೂತಳು. ಅಶ್ವತ್ಥಪ್ಪ ಗೇಟಿನ ಬಳಿಯೇ ಉಳಿದ.

"ಆವತ್ತು ನಲ್ಲೀಲಿ ನೀರು ಬಂದಿರ್ಲಿಲ್ಲಮ್ಮ."

ದ್ರೌಪದಮ್ಮನ ಬೆರಳು ಸೊಪ್ಪಿನ ಮೇಲೆ ನಿಂತಿತು.

"ಬಂದಿತ್ತು."

"ಮೋಟ್ರು ಕೆಟ್ಟಿತ್ತು. ಇಡೀ ಅಬ್ಬಿಗೆರೆಗೆ ಗೊತ್ತು."

"ಅಂಗಾರೆ ಸಂಪಿಂದ ಮೊಗ್ದು ತುಂಬ್ಸಿದ್ದೆ. ಟ್ಯಾಂಕರ್ ನೀರು ಆಕ್ಸಿದ್ವಿ. ನಂಗೆ ಗ್ಯಾಪಕ ಇಲ್ಲ."

ಅಂಗಳದ ಮೂಲೆಯಲ್ಲಿ ನೆಲದಡಿಯ ಸಂಪಿನ ಕಬ್ಬಿಣದ ಮುಚ್ಚಳ ಕಾಣುತ್ತಿತ್ತು. ನೂರ್‌ಜಹಾನ್ ಅದನ್ನೇ ನೋಡಿದಳು. ಹೇಳಬೇಕಾದ ಮಾತು ಅವಳಿಗೇ ಕ್ರೂರವೆನಿಸಿತು. ಆದರೂ ಹೇಳಿದಳು.

"ಆ ಮುಚ್ಚಳ ಎತ್ತಿ ತೋರಿಸ್ತೀರಾ?"

ದ್ರೌಪದಮ್ಮ ಗೋಡೆ ಹಿಡಿದು ಎದ್ದರು. ಒಂದೊಂದೇ ಹೆಜ್ಜೆ ಇಟ್ಟು ಸಂಪಿನ ಬಳಿ ಹೋದರು. ಬಗ್ಗಿ ಹಿಡಿಕೆಗೆ ಎರಡೂ ಕೈ ಹಾಕಿದರು. ಮುಚ್ಚಳ ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ಗಾಜಿನ ಬಳೆಗಳು ಕಬ್ಬಿಣಕ್ಕೆ ತಾಗಿ ಒಂದು ಒಡೆಯಿತು. ಮೂರನೆಯ ಸಲ ಎಳೆಯಲು ಹೋದಾಗ ನೂರ್‌ಜಹಾನ್ ಓಡಿ ಹೋಗಿ ಅವರ ತೋಳು ಹಿಡಿದಳು.

"ಸಾಕಮ್ಮ. ಸಾಕು ಬಿಡಿ."

ಅವರು ಅಲ್ಲೇ, ಬಿಸಿಲಿಗೆ ಕಾದ ನೆಲದ ಮೇಲೆ ಕುಸಿದು ಕೂತರು. ಮಣಿಕಟ್ಟಿನಲ್ಲಿ ರಕ್ತ ಸಣ್ಣಗೆ ಒಸರುತ್ತಿತ್ತು.

"ಯಾರನ್ನ ಕಾಪಾಡ್ತಿದೀರಿ?"

ದ್ರೌಪದಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನೂರ್‌ಜಹಾನಳ ಕೈಯನ್ನು ತಮ್ಮ ಎರಡೂ ಕೈಯಿಂದ ಹಿಡಿದುಕೊಂಡರು.

"ಅವ್ಳು ತುಂಬ್ಸಿದ್ದು ಮೇಡಮ್ಮಾರೆ. ನನ್ನ ಸೊಸೆ. ಅಡುಗೆಮನೆ ಕಿಟ್ಕೀಲಿ ನಾನು ಕಣ್ಣಾರೆ ಕಂಡೆ. ಸಂಪಿನ ಮೋಟ್ರಿಂದ ಡ್ರಮ್ಮಿಗೆ ಪೈಪಾಕಿ, ಒಂದು ಕೈಲಿ ಒಟ್ಟೆ ಇಡ್ಕೊಂಡು ನಿಂತಿದ್ಲು. ಗಂಡಂಗೆ ಎಲ್ಪಾಗ್ಲಿ ಅಂತ. ಅವ್ಳಿಗೇನು ಗೊತ್ತು, ಗಾಡಿ, ಭಾರ, ಇಂಗೆಲ್ಲ ಆಗ್ತದೆ ಅಂತ?"

"ಈಗ ಗೊತ್ತಾ?"

"ಇಲ್ಲ. ಟೈರು ಒಡೀತು ಅಂದ್ಕೊಂಡವ್ಳೆ. ಡ್ರಮ್ಮಿನ ಭಾರಕ್ಕೇ ಮಗುಚ್ತು ಅಂತ ಅಲ್ಲಿದ್ದ ಜನ ಆವತ್ತೇ ಅಂದ್ರು, ಇವ್ಳಿಗೆ ನಾನೇ ಅಂಗೆ ಏಳಿದ್ದೆ." ಅವರ ಮಾತು ತೊದಲಿತು. "ನೀವು ಬಂದು ಡ್ರಮ್ಮು ಡ್ರಮ್ಮು ಅಂತ ಕೇಳಕ್ಕೆ ಸುರು ಮಾಡಿದ್ರಿ. ಇವತ್ತಲ್ಲ ನಾಳೆ ಅವ್ಳ ಕಿವೀಗೆ ಬೀಳ್ತದೆ. ನನ್ನ ಕೈಯಾರೆ ಗಂಡನ್ನ ಕೊಂದೆ ಅಂತ ಗೊತ್ತಾದ್ರೆ ಅವ್ಳು ಉಳೀತಾಳಾ? ಒಟ್ಟೇಲಿರೋದು ಉಳೀತದಾ? ನನ್ನೆಸ್ರು ಬರ್ಕೊಂಡಿದ್ದೀರಲ್ಲ, ಅಂಗೇ ಇರ್ಲಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ನೂರ್‌ಜಹಾನ್ ಅವರನ್ನು ಬೀಳಗೊಡಲಿಲ್ಲ. ಕರ್ಚೀಫು ತೆಗೆದು ಆ ಮಣಿಕಟ್ಟಿಗೆ ಸುತ್ತಿದಳು.

"ಅತ್ತೆ."

ಬಾಗಿಲಲ್ಲಿ ರಾಧಾಮಣಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಾಚದ ತಲೆ, ಬರಿಯ ಹಣೆ. ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಹದಿನಾಲ್ಕ್ ದಿನ," ಎಂದಳು ಅವಳು. "ಹದಿನಾಲ್ಕ್ ದಿನದಿಂದ, ನಾನೇ ಅವ್ರನ್ನ ಸಾಯ್ಸಿದೀನಿ ಅಂದ್ಕೊಂಡೇ, ನಂಗೆ ಅನ್ನ ಕಲಸಿ ಬಾಯಿಗಿಡ್ತಾ ಇದ್ರಾ?"

"ಅಂಗನ್ಬೇಡ ಮಗ. ಸಾಯ್ಸಿದೆ ಅಂತ ನಾನೆಲ್ಲಂದೆ? ನೀನು ಪ್ರೀತೀಲಿ..."

"ತಲೆ ಬಾಚ್ತಿದ್ರಿ. ಪಕ್ಕದಲ್ಲೇ ಮಲಗ್ತಿದ್ರಿ. ಒಂದ್ ಸಲಾನೂ ಕೇಳ್ಲಿಲ್ಲ."

"ಏನಂತ ಕೇಳ್ಲಿ?" ದ್ರೌಪದಮ್ಮ ಮುಖ ಮುಚ್ಚಿಕೊಂಡರು. "ಅವ್ನು ಓದ. ನೀನೂ ಓದ್ರೆ ನಾನು ಯಾರ ಮುಖ ನೋಡ್ಲಿ?"

ರಾಧಾಮಣಿ ಮೆಟ್ಟಿಲಿಳಿದು ಬಂದಳು. ಭಾರವಾದ ಹೊಟ್ಟೆಯನ್ನು ಒಂದು ಕೈಯಲ್ಲಿ ಆತುಕೊಂಡು ಅತ್ತೆಯ ಎದುರಿಗೆ ನೆಲದ ಮೇಲೇ ಕೂತಳು.

"ನಾನು ತುಂಬ್ಸಿದ್ದೆ ಅತ್ತೆ. ನೀವು ನೋಡಿದ್ದು ನಿಜ. ಆಮೇಲೇನಾಯ್ತು ಅಂತ ನೀವು ನೋಡ್ಲಿಲ್ಲ. ದೀಪ ಹಚ್ಚೋಕೆ ಒಳಗೆ ಹೋಗ್ಬಿಟ್ರಿ."

ನೂರ್‌ಜಹಾನ್ ಅವಳ ಕಡೆ ತಿರುಗಿದಳು.

"ಅವ್ರು ಹೊರಗೆ ಬಂದು ನೋಡಿ ತಲೆ ಮೇಲೆ ಕೈ ಇಟ್ಕೊಂಡ್ರು. ಅಯ್ಯೋ ರಾಧಾ, ಇದೇನ್ ಮಾಡ್ದೆ ಅಂತ. ಬೈಲಿಲ್ಲ, ನಗ್ತಾನೇ ಇದ್ರು. ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ತೀರ ಹಿಂದಕ್ಕಿಟ್ರೆ ಮುಂದಿನ ಚಕ್ರ ತೇಲುತ್ತಲ್ಲ, ಇದೂ ಹಂಗೇ ಕಣೇ ಅಂದ್ರು. ಕೊಕ್ಕೆ ಕಾರಿನ ಹಿಂಭಾಗಾನ ಮೇಲಕ್ಕೆತ್ತುತ್ತೆ, ಗಾಡಿ ಬಾಲ ಅಲ್ಲಾಡ್ಸುತ್ತೆ ಅಂದ್ರು. ಆಮೇಲೆ ಟ್ಯಾಂಕರ್ ನೀರು ಚೆಲ್ಲೋಕೆ ಮನಸ್ಸಾಗ್ದೆ ಬಕೆಟ್‌ನಲ್ಲಿ ಮೊಗೆದು ಮೊಗೆದು ವಾಪಸ್ ಸಂಪಿಗೆ ಹಾಕಿದ್ರು. ಎಲ್ಲಾನೂ. ಕೊನೇಲಿ ಡ್ರಮ್ಮನ್ನ ಬೋರಲು ಹಾಕಿ ತೋರ್ಸಿದ್ರು ನಂಗೆ. ನೋಡು, ಖಾಲಿ, ಸಮಾಧಾನಾನಾ ಅಂತ. ಅದಕ್ಕೇ ಆವತ್ತು ಲೇಟಾಗಿದ್ದು. ಏಳು ಗಂಟೆಗೆ ಹತ್ತು ನಿಮಿಷ ಇದ್ದಾಗ ಹೊರಟ್ರು."

ದ್ರೌಪದಮ್ಮ ಮುಖದಿಂದ ಕೈ ತೆಗೆದರು.  

"ನೀನಲ್ವಾ?"

"ನಾನಲ್ಲ ಅತ್ತೆ."

"ನೀನಲ್ವಾ ಮಗ? ನೀನಲ್ವಾ?"

ಅವರು ಸೊಸೆಯ ಮುಖವನ್ನು, ತಲೆಯನ್ನು, ಹೆಗಲನ್ನು ಸವರಿದರು. ಹದಿನಾಲ್ಕು ದಿನ ನುಂಗಿಕೊಂಡಿದ್ದುದೆಲ್ಲ ಒಮ್ಮೆಗೇ ಕಿತ್ತುಕೊಂಡು ಬಂತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತ ಸದ್ದಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಅಶ್ವತ್ಥಪ್ಪ ಗೇಟಿನ ಕಡೆ ಮುಖ ತಿರುಗಿಸಿ ನಿಂತ.

ನೂರ್‌ಜಹಾನ್ ಅವರನ್ನು ಅಳಲು ಬಿಟ್ಟಳು. ಅವಳ ತಲೆಯಲ್ಲಿ ಮಾತ್ರ ಗಡಿಯಾರ ಓಡುತ್ತಿತ್ತು. ಆರೂ ಐವತ್ತಕ್ಕೆ ಇಲ್ಲಿಂದ ಹೊರಟಿದ್ದಾನೆ, ಡ್ರಮ್ಮು ಖಾಲಿ. ಎಂಟಕ್ಕೆ ಇಳಿಜಾರಿನಲ್ಲಿ ಬಿದ್ದಿದ್ದಾನೆ, ಡ್ರಮ್ಮು ತುಂಬಿದೆ. ಟ್ರೇಲರ್ ಕಟ್ಟಿಕೊಂಡು ಎಷ್ಟೇ ನಿಧಾನವಾಗಿ ಹೋದರೂ ಅರ್ಧ ಗಂಟೆಯ ದಾರಿ. ಉಳಿದ ನಲವತ್ತು ನಿಮಿಷ ಅವನು ಎಲ್ಲಿ ನಿಂತಿದ್ದ?

"ರಾಧಾಮಣಿ," ಎಂದಳು ಮೆಲ್ಲಗೆ. "ಮನೆಯಿಂದ ಹೋದ್ಮೇಲೆ ಅವ್ರು ಫೋನ್ ಮಾಡಿದ್ರಾ? ಕಂಪನಿಯಿಂದ ತರಿಸಿದ ಕರೆಗಳ ಪಟ್ಟೀಲಿ ಒಂದೂ ಇಲ್ಲ. ಅವ್ರ ಫೋನು ಪುಡಿಪುಡಿ ಆಗಿತ್ತು."

ರಾಧಾಮಣಿ ಸೆರಗಿನ ಮರೆಯಿಂದ ತನ್ನ ಫೋನು ತೆಗೆದಳು. ಅದನ್ನು ಎದೆಗೆ ಒತ್ತಿಕೊಂಡು ಕೂತಳು.

"ಫೋನ್ ಮಾಡ್ಲಿಲ್ಲ. ವಾಟ್ಸಾಪಲ್ಲಿ ವಾಯ್ಸ್ ಕಳ್ಸಿದ್ರು. ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡೋಷ್ಟ್ರಲ್ಲಿ ಸುದ್ದಿ ಬಂದ್ಬಿಡ್ತು."

"ಏನು ಹೇಳಿದಾರೆ?"

"ಕೇಳಿಲ್ಲ ಮೇಡಂ." ಅವಳ ಕಣ್ಣು ಮತ್ತೆ ತುಂಬಿತು. "ದಿನಾ ಚಾರ್ಜ್ ಮಾಡಿ ಇಟ್ಕೊಂಡಿದೀನಿ. ಕೇಳಿಬಿಟ್ರೆ ಮುಗ್ದೋಯ್ತಲ್ಲ. ಅವ್ರು ನಂಗೆ ಹೇಳೋದು ಇನ್ನೂ ಒಂದ್ ಬಾಕಿ ಇದೆ ಅಂತಾದ್ರೂ ಇತ್ತು."

ನೂರ್‌ಜಹಾನ್ ಕೈ ಚಾಚಲಿಲ್ಲ. ಒತ್ತಾಯಿಸುವ ಅಧಿಕಾರ ಅವಳಿಗಿತ್ತು. ಆದರೂ ಕಾದಳು.

ರಾಧಾಮಣಿ ಫೋನನ್ನು ತನ್ನ ಮತ್ತು ಅತ್ತೆಯ ನಡುವೆ, ನೆಲದ ಮೇಲೆ ಇಟ್ಟಳು. ಬೆರಳು ಒಂದೆರಡು ಸಲ ಹೋಗಿ ಹಿಂದಕ್ಕೆ ಬಂತು. ಕೊನೆಗೆ ಒತ್ತಿದಳು.

"ರಾಧಾ... ನೀರು ಮೊಗೆದು ಮೊಗೆದು ಸೊಂಟ ಹಿಡ್ಕೊಂಡಿದೆ ನೋಡು, ಎಲ್ಲಾ ನಿನ್ನಿಂದ." ನಗು. ಬದುಕಿರುವವನ, ಆರೋಗ್ಯವಂತನ ನಗು. "ಏನಿಲ್ಲ, ಸ್ವಲ್ಪ ಲೇಟಾಗುತ್ತೆ. ಮಾವನ ಶೆಡ್ ಹತ್ರ ನಿಂತಿದೀನಿ. ರಸ್ತೇಲೇ ಅಡ್ಡ ಬಂದು ನಿಲ್ಸಿದ್ರು. ಟೀ ಹೇಳಿದಾರೆ. ನೀನ್ ಕಾರಿಂದ ಇಳೀಲೇಬೇಡ, ಕೊಕ್ಕೆ, ಸರಪಳಿ, ಟೈರು ಎಲ್ಲಾ ನಾನೇ ನೋಡ್ತೀನಿ ಅಂತಿದಾರೆ. ಗಾಡಿ ಕಟ್ಕೊಟ್ಮೇಲೂ ಒಳಗೆ ಉಳಿದಿದ್ದ ಕೋಪ ಈಗ ಎಲ್ಲಾ ಹೋಯ್ತು ಅನ್ಸುತ್ತೆ ಕಣೇ. ಅಮ್ಮಂಗೆ ಹೇಳು, ಖುಷಿ ಪಡ್ತಾಳೆ. ನೀನು ಬಗ್ಗಿ ಏನೂ ಎತ್ಬೇಡ. ಬರ್ತೀನಿ."

ಅಷ್ಟೇ. ಫೋನು ಸುಮ್ಮನಾಯಿತು.

"ಇನ್ನೊಂದ್ಸಲ ಆಕು ಮಗ," ಎಂದರು ದ್ರೌಪದಮ್ಮ. ಅವರಿಗೆ ಮಾತಿನ ಅರ್ಥ ಕೇಳಿಸಿರಲಿಲ್ಲ. ಮಗನ ದನಿ ಮಾತ್ರ ಕೇಳಿಸಿತ್ತು. ಅವರು ಫೋನಿನ ಹತ್ತಿರಕ್ಕೆ ಬಗ್ಗಿ, ಅದರ ಮೇಲೆ ಕೈಯಾಡಿಸಿದರು. "ಇನ್ನೊಂದ್ಸಲ ಆಕು."

ಎರಡನೆಯ ಸಲ ನೂರ್‌ಜಹಾನ್ ಮಾತು ಕೇಳಲಿಲ್ಲ. ಮಾತಿನ ಹಿಂದಿನದನ್ನು ಕೇಳಿದಳು. ಪ್ಲಾಸ್ಟಿಕ್ಕಿನ ಪೊಳ್ಳು ಡ್ರಮ್ಮಿಗೆ ನೀರು ಬೀಳುವ ದಪ್ಪ ಸದ್ದು. ಮುನಿಚಂದ್ರ ಮಾತಾಡುತ್ತ ಹೋದಂತೆ ಆ ಸದ್ದು ನಿಧಾನವಾಗಿ ಏರುತ್ತಿತ್ತು. ನೀರು ಮೇಲೆ ಬರುತ್ತಿತ್ತು.

ಮಾವ ಶೆಡ್ಡಿನ ಮುಂದೆ ನೆಲ ತೊಳೆಯುತ್ತಿರಬೇಕು ಎಂದು ಮುನಿಚಂದ್ರ ಅಂದುಕೊಂಡಿದ್ದನೋ ಏನೋ. ಇಳಿದು ನೋಡಲಿಲ್ಲ. ಕೊಕ್ಕೆ, ಸರಪಳಿ, ಟೈರು, ಭಾರ ಎಲ್ಲವನ್ನೂ ದಿನವೂ ಸುತ್ತಿ ಬಂದು ಮುಟ್ಟಿ ನೋಡುತ್ತಿದ್ದ ಮನುಷ್ಯ, ಅದೊಂದು ದಿನ ಮಾತ್ರ, ಸಂಬಂಧ ಮತ್ತೆ ಕೂಡಿಬಂತೆಂಬ ಸಂತೋಷದಲ್ಲಿ ಸೀಟಿನಲ್ಲೇ ಕೂತು ಟೀ ಕುಡಿದಿದ್ದ.

ರಾಧಾಮಣಿಗೂ ಆ ಸದ್ದು ಕೇಳಿಸಿತ್ತು. ಅವಳು ತಲೆಯೆತ್ತಿ ನೂರ್‌ಜಹಾನಳನ್ನು ನೋಡಿದಳು. 

"ಮೇಡಂ, ಅದು..."

"ಹೌದು," ಎಂದಳು ನೂರ್‌ಜಹಾನ್.

ದ್ರೌಪದಮ್ಮ ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡಿದರು. ತಾವೇ ಬೆರಳು ಚಾಚಿ ಮೂರನೆಯ ಸಲ ಒತ್ತಿದರು. ಈ ಸಲ ಕಣ್ಣು ಮುಚ್ಚಿ ಕೇಳಿದರು. 'ಬರ್ತೀನಿ' ಎಂಬುದಕ್ಕೆ ಸ್ವಲ್ಪ ಮೊದಲು, ದೂರದಿಂದ, ಇನ್ನೊಂದು ಗಂಡು ದನಿ ಇತ್ತು. 'ಕೂತ್ಕೋ ಚಂದ್ರ, ಆಯ್ತು, ಇನ್ನೊಂದೈದು ನಿಮಿಷ.'

"ನನ್ನ ಬೆನ್ನಿಗೆ ಬಿದ್ದವ್ನು," ಎಂದರು ದ್ರೌಪದಮ್ಮ, ಯಾರಿಗೂ ಅಲ್ಲದ ಹಾಗೆ. "ನಾನೇ ಎತ್ತಿ ಆಡ್ಸಿದವ್ನು."

ನೂರ್‌ಜಹಾನ್ ಎದ್ದು ನಿಂತಿದ್ದಳು. "ಅಶ್ವತ್ಥಪ್ಪ, ಜೀಪ್ ತೆಗೀರಿ. ಅಮ್ಮ, ನಿಮ್ಮ ಯಜಮಾನ್ರನ್ನ ಎಲ್ಲಿಗೆ ಕರ್ಕೊಂಡು ಹೋದ್ರು?"

"ಏಳ್ಲಿಲ್ಲ."

ಮುನಿಕೃಷ್ಣಪ್ಪನ ನಂಬರು ಅವಳ ಫೋನಿನಲ್ಲಿತ್ತು. ಒತ್ತಿ, ಸ್ಪೀಕರ್ ಹಾಕಿದಳು. ಆರು ಸಲ ರಿಂಗಾಯಿತು. ಏಳನೆಯದಕ್ಕೆ ಯಾರೋ ಎತ್ತಿದರು. ಹಿಂದೆ ಲಾರಿಯೊಂದು ಗೇರ್ ಬದಲಿಸಿ ಏರು ಹತ್ತುವ ಸದ್ದು.

"ಹೇಳಿ ಮೇಡಂ." ಸೊಣ್ಣಪ್ಪನ ದನಿ. ಬೆಳಿಗ್ಗೆ ಕೇಳಿದ್ದಕ್ಕಿಂತ ತುಂಬ ಶಾಂತವಾಗಿತ್ತು.

"ಮುನಿಕೃಷ್ಣಪ್ಪನವ್ರಿಗೆ ಕೊಡಿ."

"ಭಾವ ಇಲ್ಲೇ ಇದಾರೆ. ಚಂದ್ರ ಬಿದ್ದ ಜಾಗ ನೋಡ್ಬೇಕು ಅಂದ್ರು, ಕರ್ಕೊಂಡು ಬಂದೆ. ಹಳ್ಳದ ಹತ್ರ ಕೂತಿದಾರೆ. ಈಗ ಮಾತಾಡೋ ಸ್ಥಿತೀಲಿಲ್ಲ. ಏನಿದ್ರೂ ನಂಗೆ ಹೇಳಿ."

ಒಂದೊಂದು ಮಾತನ್ನೂ ಎಚ್ಚರಿಕೆಯಿಂದ ಆಡಬೇಕಿತ್ತು. ಅವನಿಗೆ ಏನೂ ಗೊತ್ತಾಗಬಾರದಿತ್ತು. ದೂರು ಕೊಟ್ಟಿದ್ದ ಮುನಿಕೃಷ್ಣಪ್ಪ ಅಲ್ಲಿ ಅವನ ಜೊತೆ ಒಬ್ಬನೇ ಇದ್ದ. ನೂರ್‌ಜಹಾನ್ ಬಾಯಿ ತೆರೆದಳು.

ಅಷ್ಟರಲ್ಲಿ ದ್ರೌಪದಮ್ಮ, ಮಂಡಿಯ ನೋವನ್ನೂ ಮರೆತು ಎದ್ದು, ಎರಡೂ ಕೈಯಿಂದ ಆ ಫೋನನ್ನು ಹಿಡಿದುಕೊಂಡಿದ್ದರು.

"ಸೊಣ್ಣಾ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀರು ಯಾಕೋ ತುಂಬ್ಸಿದೆ?"

ಆ ಕಡೆ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಒಂದು, ಎರಡು, ಮೂರು ಉಸಿರು.

ಆಮೇಲೆ ಫೋನು ಕಟ್ಟಾಯಿತು. ನೂರ್‌ಜಹಾನ್ ಮತ್ತೆ ಒತ್ತಿದಾಗ ಅದು ಸ್ವಿಚ್ ಆಫ್ ಆಗಿತ್ತು.